ದೇವರನ್ನು ಯಾರೂ ಕಂಡಿಲ್ಲ, ಆದರೆ ಮೋಶೆ ಮುಖಾಮುಖಿ ಮಾತಾಡಿದ: ಎರಡೂ ಒಂದೇ ಅಧ್ಯಾಯದಲ್ಲಿದ್ದರೆ ಓದುವುದು ಹೇಗೆ?

ಬೆಳಗಿನ_ಓದು

ಎಲ್ಲರಿಗೂ ವಂದನೆ. ಯೂತ್ ಗುಂಪಿನ ಬೈಬಲ್ ಅಧ್ಯಯನಕ್ಕೆ "ದೇವರು ಯಾಕೆ ಕಣ್ಣಿಗೆ ಕಾಣುವುದಿಲ್ಲ" ಅನ್ನುವ ವಿಷಯ ಇಟ್ಟಿದ್ದೇವೆ. ಸಮಯ 45 ನಿಮಿಷ, ಬರುವವರು 16ರಿಂದ 22ರ ವಯಸ್ಸಿನವರು. ವಾಕ್ಯಗಳನ್ನು ಪಟ್ಟಿ ಮಾಡುತ್ತಾ ಹೋದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ವಿಮೋಚನಕಾಂಡ 33:11ರಲ್ಲಿ ಸ್ನೇಹಿತನ ಜೊತೆ ಮಾತಾಡುವ ಹಾಗೆ ಯೆಹೋವನು ಮೋಶೆಯ ಸಂಗಡ ಮುಖಾಮುಖಿಯಾಗಿ ಮಾತಾಡಿದ. ಒಂಬತ್ತೇ ವಚನ ದಾಟಿ 33:20ಕ್ಕೆ ಬಂದರೆ, ನನ್ನ ಮುಖ ನೋಡಿ ಯಾರೂ ಬದುಕಲಾರರು ಅನ್ನುತ್ತಾನೆ. 24:10ರಲ್ಲಿ 70 ಮಂದಿ ಹಿರಿಯರು ಇಸ್ರಾಯೇಲಿನ ದೇವರನ್ನು ಕಂಡರು. ಯಾಕೋಬ, ಯೆಶಾಯ ಇಬ್ಬರೂ ಕಂಡೆವು ಅನ್ನುತ್ತಾರೆ. ಆಮೇಲೆ ಯೋಹಾನ 1:18: ದೇವರನ್ನು ಯಾರೂ ಎಂದೂ ಕಂಡಿಲ್ಲ.

ಮೂರು ಪ್ರಶ್ನೆ. ಇವು ನಿಜಕ್ಕೂ ವಿರೋಧವೇ? ಗಾಳಿ, ಕರೆಂಟ್, ಮೊಬೈಲ್ ಸಿಗ್ನಲ್ ಉದಾಹರಣೆ ಕೊಟ್ಟರೆ ಸಾಕೇ? "ಒಂದೇ ಒಂದು ಸಲ ಕಾಣಿಸಿಕೊಂಡುಬಿಟ್ಟಿದ್ದರೆ ಎಲ್ಲರೂ ನಂಬುತ್ತಿದ್ದರಲ್ಲ" ಅಂತ ಕೇಳಿದರೆ ಏನು ಹೇಳುವುದು?

ಅಂಚಿನ_ಟಿಪ್ಪಣಿ

ಮೊದಲನೆಯ ಪ್ರಶ್ನೆಗೆ. 33:11ನ್ನು ಒಂಟಿಯಾಗಿ ಓದಬೇಡಿ, 33:9ರಿಂದ ಶುರುಮಾಡಿ. ಮೋಶೆ ಗುಡಾರದೊಳಗೆ ಹೋದಾಗ ಮೇಘಸ್ತಂಭ ಇಳಿದು ಬಾಗಿಲಲ್ಲಿ ನಿಲ್ಲುತ್ತದೆ, ಮಾತು ನಡೆಯುವುದು ಆಗ. ಅಂದರೆ ಆ "ಮುಖಾಮುಖಿ" ನಡೆದದ್ದೇ ಮೋಡದ ಮರೆಯಲ್ಲಿ. ಇನ್ನೂ ಗಟ್ಟಿ ಸಾಕ್ಷಿ ಧರ್ಮೋಪದೇಶಕಾಂಡದಲ್ಲಿದೆ. 5:4ರಲ್ಲಿ ಮೋಶೆ ಇಡೀ ಜನಕ್ಕೆ, ಯೆಹೋವನು ಬೆಟ್ಟದ ಮೇಲೆ ಬೆಂಕಿಯೊಳಗಿಂದ ನಿಮ್ಮ ಸಂಗಡ ಮುಖಾಮುಖಿಯಾಗಿ ಮಾತಾಡಿದ ಅನ್ನುತ್ತಾನೆ. ಅದೇ ಜನಕ್ಕೆ, ಅದೇ ಘಟನೆಯ ಬಗ್ಗೆ 4:12ರಲ್ಲಿ ಹೇಳಿದ್ದು: ಶಬ್ದ ಕೇಳಿದಿರಿ, ಯಾವ ರೂಪವನ್ನೂ ಕಾಣಲಿಲ್ಲ. ಒಂದೇ ಪುಸ್ತಕ, ಒಂದು ಅಧ್ಯಾಯದ ಅಂತರ. ಬರೆದವರಿಗೆ ಇದರಲ್ಲಿ ತೊಡಕೇ ಕಾಣಲಿಲ್ಲ, ಯಾಕೆಂದರೆ ಹೀಬ್ರೂವಿನ "ಪಾನೀಮ್ ಎಲ್ ಪಾನೀಮ್" ಮಧ್ಯವರ್ತಿ ಇಲ್ಲದ ನೇರ ಮಾತಿಗೆ ಇರುವ ನುಡಿಗಟ್ಟು. ಕನ್ನಡದವರಿಗೆ ಇದು ಕಷ್ಟವಾಗಬಾರದು. "ಅವರು ನನಗೆ ಮುಖ ಕೊಟ್ಟು ಮಾತಾಡಲಿಲ್ಲ" ಅಂದಾಗ ಕಣ್ಣು ಮೂಗಿನ ವಿಚಾರ ಹೇಳುತ್ತಿರುವುದಿಲ್ಲ, ಸಂಬಂಧದ ವಿಚಾರ ಹೇಳುತ್ತಿರುತ್ತೇವೆ.

33:20ರ "ಮುಖ" ಬೇರೆ. ಅಲ್ಲಿ ಮೋಶೆ ಮಾತು ಕೇಳುತ್ತಿಲ್ಲ, "ನಿನ್ನ ಮಹಿಮೆಯನ್ನು ತೋರಿಸು" ಅನ್ನುತ್ತಿದ್ದಾನೆ. ಮಹಿಮೆಗೆ ಹೀಬ್ರೂ ಪದ "ಕಾವೋದ್", ಅದರ ಬೇರಿನಲ್ಲಿರುವುದು ಭಾರ, ತೂಕ. ಆ ತೂಕವನ್ನು ಮನುಷ್ಯ ಹೊರಲಾರ ಅನ್ನುವುದು ಉತ್ತರ. ಬಂಡೆಯ ಬಿರುಕಿನಲ್ಲಿ ಅವನನ್ನು ನಿಲ್ಲಿಸಿ ದೇವರೇ ತನ್ನ ಕೈಯಿಂದ ಮುಚ್ಚುತ್ತಾನೆ. ಕಾಣದಂತೆ ಮಾಡಿದ ಕೈಯೇ ಕಾಪಾಡಿದ ಕೈ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಇಲ್ಲವಾದರೆ "ದೇವರನ್ನು ನೋಡಿದರೆ ಸಾಯುತ್ತೀರಿ" ಅನ್ನುವ ಹೆದರಿಕೆ ಮಾತ್ರ ತಲೆಯಲ್ಲಿ ಉಳಿಯುತ್ತದೆ.

ಮುಂದಿನ ಅಧ್ಯಾಯದಲ್ಲಿ ಯೆಹೋವನು ದಾಟಿ ಹೋಗುತ್ತಾನಲ್ಲ, 34:6-7, ಅಲ್ಲಿ ಮೋಶೆ ಏನು ಕಂಡ ಅಂತ ಒಂದು ಪದವೂ ಇಲ್ಲ. ಇರುವುದೆಲ್ಲ ಅವನು ಕೇಳಿಸಿಕೊಂಡದ್ದು: ಕನಿಕರ, ದಯೆ, ದೀರ್ಘಶಾಂತಿ, ಪ್ರೀತಿ, ನಂಬಿಗಸ್ತಿಕೆ. ತೋರಿಸು ಅಂದವನಿಗೆ ಸಿಕ್ಕಿದ್ದು ಹೆಸರು.

ಉಳಿದ ವಾಕ್ಯಗಳಲ್ಲಿ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಬೆರಳಿಟ್ಟು ನೋಡಿ. 24:10ರಲ್ಲಿ 70 ಹಿರಿಯರು ಕಂಡದ್ದಾಗಿ ವರ್ಣನೆ ಇರುವುದು ಪಾದದ ಕೆಳಗಿನ ನೀಲಮಣಿಯ ನೆಲಗಟ್ಟು ಮಾತ್ರ. ಕ್ರಿಸ್ತಪೂರ್ವದ ಗ್ರೀಕ್ ಅನುವಾದಕರಿಗೆ ಅಷ್ಟೂ ಜಾಸ್ತಿ ಅನ್ನಿಸಿ, "ದೇವರು ನಿಂತಿದ್ದ ಸ್ಥಳವನ್ನು ಕಂಡರು" ಅಂತ ತಿರುಗಿಸಿದ್ದಾರೆ. ಯೆಶಾಯ 6:1ರಲ್ಲಿ ವಸ್ತ್ರದ ಅಂಚೇ ಆಲಯವನ್ನೆಲ್ಲ ತುಂಬಿದೆ, ಮೂರು ವಚನದ ನಂತರ ಹೊಗೆ. ಯಾಕೋಬನ ಹೋರಾಟ ಕತ್ತಲಲ್ಲಿ. ಹೊತ್ತು ಮೂಡುವ ಮುಂಚೆ ಬಿಟ್ಟುಬಿಡು ಅನ್ನುತ್ತಾನೆ ಎದುರಿನವನು. ಯೆಹೆಜ್ಕೇಲ 1:28ರಲ್ಲಂತೂ "ಮಹಿಮೆಯ ಹೋಲಿಕೆಯ ತೋರಿಕೆ" ಅನ್ನುವಷ್ಟು ಪದರ. ದಾನಿಯೇಲ 7:9ರಲ್ಲಿ ತಲೆಗೂದಲಿನ ವರ್ಣನೆ ಇದೆಯಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ರಾತ್ರಿ ಹಾಸಿಗೆಯ ಮೇಲೆ ಕಂಡ ಕನಸು ಅಂತ 7:1 ಮೊದಲೇ ಹೇಳಿದೆ.

ಗುಡಾರದ_ಹಗ್ಗ

ಗುಡಾರದ ವಿಷಯ ಬಂದದ್ದಕ್ಕೆ ಒಂದು ಮಾತು. ಹೀಬ್ರೂವಿನಲ್ಲಿ ಅದು "ಓಹೆಲ್ ಮೋಏದ್", ಗೊತ್ತುಮಾಡಿದ ಭೇಟಿಯ ಗುಡಾರ. ನಮ್ಮ ಹಳೆಯ ಕನ್ನಡ ಬೈಬಲ್ ಅದನ್ನು "ದೇವದರ್ಶನದ ಗುಡಾರ" ಅಂತ ಕರೆಯಿತು. ಕಿವಿಗೆ ಹಿತವಾದ ಮಾತು, ಆದರೆ ದರ್ಶನ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಾಗಿಲು ತೆರೆದು ಆರತಿ ಎತ್ತಿ ಮೂರ್ತಿಯನ್ನು ಕಣ್ತುಂಬ ನೋಡುವುದು. ಮೋಶೆ 33ರಲ್ಲಿ ಹೋಗುತ್ತಿದ್ದ ಗುಡಾರ ಬೇರೆ, ಅದೇ ಹೆಸರಿನ ಆರಾಧನೆಯ ಗುಡಾರ ಕಟ್ಟಿದ್ದು ಆಮೇಲೆ, ಅದನ್ನು ಕಟ್ಟಿದ ರೀತಿ ಈ ದರ್ಶನಕ್ಕೆ ಪೂರಾ ಉಲ್ಟಾ. ಗುಂಪಿನಲ್ಲಿ ಈ ಪದವನ್ನು ಬಿಡಿಸದೆ ಮುಂದೆ ಹೋಗಬೇಡಿ.

ಆ ಆರಾಧನೆಯ ಗುಡಾರದ ಲೆಕ್ಕ ಹೀಗೆ. ಒಳಗಿನ ಮಹಾಪವಿತ್ರಸ್ಥಾನ ಉದ್ದ, ಅಗಲ, ಎತ್ತರ ಮೂರೂ 10 ಮೊಳ, ಸುಮಾರು ನಾಲ್ಕೂವರೆ ಮೀಟರ್. ಮುಂದೆ ನೀಲಿ, ನೇರಳೆ, ಕಡುಗೆಂಪು ದಾರಗಳಿಂದ ಕೆರೂಬಿಗಳನ್ನು, ಅಂದರೆ ರೆಕ್ಕೆಯುಳ್ಳ ದೇವಜೀವಿಗಳನ್ನು, ನೇಯ್ದ ತೆರೆ, ನಾಲ್ಕು ಕಂಬಗಳಿಗೆ ಇಳಿಬಿಟ್ಟದ್ದು. ಒಳಗೆ ಎರಡೂವರೆ ಮೊಳ ಉದ್ದದ ಮಂಜೂಷ, ಅಂದರೆ ಒಡಂಬಡಿಕೆಯ ಪೆಟ್ಟಿಗೆ, ಅದರ ಮೇಲೆ ಕೃಪಾಸನ ಅನ್ನುವ ಮುಚ್ಚಳ, ಅಂಚುಗಳಲ್ಲಿ ಎರಡು ಕೆರೂಬಿಗಳು. ಕೆರೂಬಿಗಳ ನಡುವೆ ಏನೂ ಇಲ್ಲ. ವಿಮೋಚನಕಾಂಡ 25:22ರ ಪ್ರಕಾರ ಮಾತು ಬರುವುದು ಆ ಖಾಲಿ ಜಾಗದಿಂದ.

ವರ್ಷಕ್ಕೆ ಒಂದೇ ದಿನ ಮಹಾಯಾಜಕ ತೆರೆಯ ಒಳಗೆ ಹೋಗಬೇಕು, ಯಾಜಕಕಾಂಡ 16. ಮೈ ತೊಳೆದು ಬರೀ ನಾರಿನ ಬಟ್ಟೆ ಹಾಕಬೇಕು. ಯಜ್ಞವೇದಿಯಿಂದ ಧೂಪಪಾತ್ರೆಯ ತುಂಬ ಕೆಂಡ, ಜೊತೆಗೆ ಎರಡು ಬೊಗಸೆ ನುಣ್ಣಗೆ ಪುಡಿಮಾಡಿದ ಧೂಪ. ಧೂಪ ಕೆಂಡದ ಮೇಲೆ ಬಿದ್ದು ಹೊಗೆ ಕೃಪಾಸನವನ್ನು ಮುಚ್ಚಬೇಕು, "ಅವನು ಸಾಯದ ಹಾಗೆ" ಅಂತ 13ನೇ ವಚನ ಕಾರಣ ಕೊಡುತ್ತದೆ. ಆಮೇಲೆ ರಕ್ತವನ್ನು ಬೆರಳಿನಿಂದ ಏಳು ಸಲ ಚಿಮುಕಿಸುವುದು. ಗಮನಿಸಿ, ಅತ್ಯಂತ ಹತ್ತಿರ ಹೋಗಲು ಅಪ್ಪಣೆ ಪಡೆದ ಒಬ್ಬನೇ ಒಬ್ಬ ಮನುಷ್ಯನ ಮೊದಲ ಕೆಲಸ ತನ್ನ ಕಣ್ಣೆದುರು ಹೊಗೆ ಎಬ್ಬಿಸುವುದು.

ಪ್ರಸಂಗಗಳಲ್ಲಿ ಆಗುವ ಎರಡು ತಪ್ಪು. ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟುತ್ತಿದ್ದರು, ಸತ್ತರೆ ಎಳೆಯಲಿಕ್ಕೆ ಅನ್ನುವುದು ಬೈಬಲಿನಲ್ಲಿ ಎಲ್ಲೂ ಇಲ್ಲ. ಆ ದಿನದ ವಿಧಿಯನ್ನು ಎಳೆ ಎಳೆಯಾಗಿ ಹೇಳುವ, ಯೆಹೂದ್ಯರ ಹಳೆಯ ನಿಯಮಸಂಗ್ರಹವಾದ ಮಿಷ್ನಾದ ಯೋಮಾ ಭಾಗದಲ್ಲೂ ಇಲ್ಲ. ಅಂಥ ಮಾತು ಸಿಗುವುದು ಮಧ್ಯಯುಗದ ಯೆಹೂದ್ಯ ಅನುಭಾವಗ್ರಂಥ ಜೋಹರ್‌ನಲ್ಲಿ. ಗೆಜ್ಜೆ ಸದ್ದು ನಿಂತರೆ ಸತ್ತ ಅಂತ ಲೆಕ್ಕ ಅನ್ನುವುದೂ ಕೂಡುವುದಿಲ್ಲ. ಗೆಜ್ಜೆ ಇದ್ದದ್ದು ನೀಲಿ ನಿಲುವಂಗಿಗೆ, ಆ ದಿನ ತೆರೆಯೊಳಗೆ ಹೋಗುವಾಗ ಅದನ್ನು ಹಾಕುವಂತಿರಲಿಲ್ಲ. ಈ ಕಥೆ ಹೇಳಿದರೆ ಹುಡುಗರು ಫೋನಿನಲ್ಲಿ ಹುಡುಕಿ ಸುಳ್ಳು ಅಂತ ಕಂಡುಕೊಳ್ಳುತ್ತಾರೆ, ಉಳಿದ ಪಾಠದ ಮೇಲೂ ನಂಬಿಕೆ ಹೋಗುತ್ತದೆ.

ಕ್ರಿ.ಪೂ. 63ರಲ್ಲಿ ರೋಮನ್ ಸೇನಾಪತಿ ಪಾಂಪೆ ಜೆರುಸಲೇಮನ್ನು ಗೆದ್ದು ಆ ಕೋಣೆಯೊಳಗೇ ನಡೆದ. ಒಳಗೆ ಯಾವ ದೇವರ ವಿಗ್ರಹವೂ ಇರಲಿಲ್ಲ ಅಂತ ಇತಿಹಾಸಕಾರ ಟಾಸಿಟಸ್ ದಾಖಲಿಸಿದ್ದಾನೆ.

ಯೋಹಾನ 1:14ರಲ್ಲಿ ವಾಕ್ಯವು ಮನುಷ್ಯನಾಗಿ ನಮ್ಮ ಮಧ್ಯೆ "ವಾಸಮಾಡಿತು" ಅಂತ ಓದುತ್ತೇವೆ. ಅಲ್ಲಿನ ಗ್ರೀಕ್ ಕ್ರಿಯಾಪದಕ್ಕೆ ಗುಡಾರ ಹಾಕಿತು ಅಂತಲೇ ಅರ್ಥ. ಅದೇ ವಚನದ "ಕೃಪೆಯೂ ಸತ್ಯವೂ" ಮೇಲೆ ಅಂಚಿನ_ಟಿಪ್ಪಣಿಯವರು ಹೇಳಿದ 34:6ರ ಜೋಡಿಪದದ ಪ್ರತಿಧ್ವನಿ. ನಾಲ್ಕು ವಚನ ಮುಂದೆ ಹೋದರೆ, ಯಾರೂ ಎಂದೂ ಕಂಡಿಲ್ಲ. ಯೋಹಾನನು ವಿಮೋಚನಕಾಂಡ 33 ಮತ್ತು 34ನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದಾನೆ. ಮೋಶೆ ಕೇಳಿದ್ದಕ್ಕೆ ಉತ್ತರ ಈಗ ಬಂತು ಅನ್ನುವುದು ಅವನ ವಾದ.

ಕಡಲತಡಿಯ_ಗಂಟೆ

ನಾನು ಕಥೋಲಿಕ ಕಡೆಯಿಂದ ಬರೆಯುತ್ತೇನೆ, ಪದಗಳು ಸ್ವಲ್ಪ ಬೇರೆ ಇರುತ್ತವೆ. ಇಬ್ಬರೂ ವಾಕ್ಯವನ್ನು ಚೆನ್ನಾಗಿ ಬಿಡಿಸಿದ್ದೀರಿ. ಆದರೆ "ಯಾಕೆ ಕಾಣುವುದಿಲ್ಲ" ಅನ್ನುವುದಕ್ಕೆ ಒಂದೇ ಕಾರಣ ಇಲ್ಲ. ಕಾರಣಗಳನ್ನು ಕಲಸಿಬಿಟ್ಟಾಗಲೇ ಉತ್ತರ ಕೆಡುವುದು.

ಸರ್ವೇಶ್ವರ ಆತ್ಮಸ್ವರೂಪಿ, ಸಂತ ಯೊವಾನ್ನರ ಶುಭಸಂದೇಶ 4:24. ದೇಹ ಇಲ್ಲ, ಬಣ್ಣ ಇಲ್ಲ, ಬೆಳಕು ತಾಗಿ ಮರಳುವ ಮೈ ಇಲ್ಲ. ಇಲ್ಲಿ ಅಡಗುವ ಪ್ರಶ್ನೆಯೇ ಬರುವುದಿಲ್ಲ. ಸಂಗೀತಕ್ಕೆ ಬಣ್ಣ ಇಲ್ಲದ್ದು ಸಂಗೀತದ ಕೊರತೆಯಲ್ಲ. ಎರಡನೆಯದು ಮನುಷ್ಯನ ಅಳತೆ: 1 ತಿಮೊಥೇಯ 6:16ರ ಸಮೀಪಿಸಲಾಗದ ಬೆಳಕು. ಇಲ್ಲಿ ತೊಂದರೆ ಕತ್ತಲೆಯದಲ್ಲ, ಬೆಳಕು ಹೆಚ್ಚಾದದ್ದು. ಮೂರನೆಯದು ಪಾಪ. ಯೆಶಾಯ 59:2ರಲ್ಲಿ ನಿಮ್ಮ ಪಾಪಗಳು ಆತನ ಮುಖವನ್ನು ಮರೆಮಾಡಿವೆ ಅನ್ನುವಾಗ ಅದು ನಾವು "ಮುಖ ತಿರುಗಿಸಿಕೊಂಡ" ಅನ್ನುವ ಅರ್ಥದ್ದು, ಮುರಿದ ಸಂಬಂಧ. ನಾಲ್ಕನೆಯದು ಕಾಲ: ಈಗ ಇಲ್ಲ, ಆಮೇಲೆ ಉಂಟು. ಮತ್ತಾಯ 5:8, ಪ್ರಕಟನೆ 22:4.

ಗಾಳಿ, ಕರೆಂಟ್, ಸಿಗ್ನಲ್ ಉದಾಹರಣೆ ಈ ನಾಲ್ಕರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಗಾಳಿಯನ್ನು ಅಳೆಯಬಹುದು, ಕರೆಂಟಿಗೆ ಟೆಸ್ಟರ್ ಉಂಟು. ಚುರುಕಾದ ಹುಡುಗಿಯೊಬ್ಬಳು "ಹಾಗಾದರೆ ದೇವರಿಗೆ ಮೀಟರ್ ಎಲ್ಲಿ" ಅಂತ ಕೇಳಿದರೆ ಪಾಠ ಅಲ್ಲಿಗೆ ನಿಂತಿತು, ಮತ್ತು ಅವಳು ಕೇಳಿದ್ದು ಸರಿಯಾಗಿಯೇ ಇರುತ್ತದೆ. ದೇವರನ್ನು ಸೃಷ್ಟಿಯೊಳಗಿನ ಒಂದು ಶಕ್ತಿಯ ಮಟ್ಟಕ್ಕೆ ಇಳಿಸಿದ್ದು ನಮ್ಮ ಉದಾಹರಣೆ. ಯೇಸು ಯೊವಾನ್ನ 3:8ರಲ್ಲಿ ಗಾಳಿಯ ಮಾತು ಎತ್ತಿದ್ದು ಪವಿತ್ರಾತ್ಮರಿಂದ ಹುಟ್ಟಿದವರ ಬಗ್ಗೆ, ದೇವರಿದ್ದಾರೆ ಅಂತ ಸಾಧಿಸಲಿಕ್ಕಲ್ಲ. ಸೂರ್ಯನ ಉದಾಹರಣೆ ಎರಡನೆಯ ಕಾರಣಕ್ಕೆ ಮಾತ್ರ ಹೊಂದುತ್ತದೆ, ಅಲ್ಲಿಗೆ ಮಾತ್ರ ಬಳಸಿ.

ನಾಲ್ಕನೆಯ ಕಾರಣದ ಮೇಲೆ ಸಭೆಯೊಳಗೇ ದೊಡ್ಡ ಚರ್ಚೆಗಳಾಗಿವೆ. ಪೋಪ್ 22ನೇ ಯೊವಾನ್ನರು ಅವಿನ್ಯೋನಿನಲ್ಲಿ 1331ರಿಂದ ಕೆಲವು ಪ್ರಸಂಗಗಳಲ್ಲಿ, ತೀರಿಕೊಂಡ ಸಂತರು ಕಡೆಯ ತೀರ್ಪಿನವರೆಗೆ ದೇವರ ಸ್ವರೂಪವನ್ನು ಕಾಣುವುದಿಲ್ಲ ಅಂದರು. ದೈವಶಾಸ್ತ್ರಿಗಳು ಒಪ್ಪಲಿಲ್ಲ. 1334ರ ಡಿಸೆಂಬರಿನಲ್ಲಿ ಮರಣಶಯ್ಯೆಯಲ್ಲಿ ಪೋಪರು ಆ ಮಾತನ್ನು ಹಿಂತೆಗೆದುಕೊಂಡರು. 1336ರ ಜನವರಿಯಲ್ಲಿ ಅವರ ನಂತರದ 12ನೇ ಬೆನೆಡಿಕ್ಟರು ತೀರ್ಮಾನ ಕೊಟ್ಟರು: ಶುದ್ಧೀಕರಣ ಬಾಕಿ ಇಲ್ಲದ ಆತ್ಮಗಳು ತೀರ್ಪಿಗೆ ಮೊದಲೇ, ನಡುವೆ ಯಾವ ಸೃಷ್ಟಿವಸ್ತುವೂ ಇಲ್ಲದೆ, ದೇವರನ್ನು ಮುಖಾಮುಖಿ ಕಾಣುತ್ತವೆ. ಸಂತ ಥಾಮಸ್ ಅಕ್ವಿನಾಸರು ಅದಕ್ಕೂ ಮೊದಲು 13ನೇ ಶತಮಾನದಲ್ಲಿ ಎರಡು ಕಟ್ಟು ಹಾಕಿಟ್ಟಿದ್ದರು. ಆ ಕಾಣುವಿಕೆ ದೇಹದ ಕಣ್ಣಿನದಲ್ಲ, ದೇವರೇ ಕೊಡುವ "ಮಹಿಮೆಯ ಬೆಳಕಿನಿಂದ" ಬುದ್ಧಿ ಕಾಣುವುದು. ಆಗಲೂ ದೇವರನ್ನು ಯಾರೂ ತಿಳಿದು ಮುಗಿಸುವುದಿಲ್ಲ. ದಡದಲ್ಲಿ ನಿಂತವನು ಕಾಣುವುದು ಕಡಲನ್ನೇ, ಕಡಲಿನ ಚಿತ್ರವನ್ನಲ್ಲ. ಆದರೂ ಕಡಲು ಅವನ ಕಣ್ಣಿನಲ್ಲಿ ಮುಗಿದುಹೋಗುವುದಿಲ್ಲ.

ಪೂರ್ವದ ಆರ್ಥೊಡಾಕ್ಸ್ ಸಭೆ ಇದನ್ನು ಒಪ್ಪುವುದಿಲ್ಲ. 1341 ಮತ್ತು 1351ರ ಕಾನ್‌ಸ್ಟಾಂಟಿನೋಪಲ್ ಸಭೆಗಳು ಸಂತ ಗ್ರೆಗೊರಿ ಪಲಾಮಾಸರ ಪರ ನಿಂತವು: ದೇವರ ಸಾರವನ್ನು ಯಾರೂ, ಪರಲೋಕದಲ್ಲೂ, ಕಾಣುವುದಿಲ್ಲ, ಕಾಣುವುದು ಆತನ ಕ್ರಿಯಾಶಕ್ತಿಗಳನ್ನು. ಆ ಶಕ್ತಿಗಳು ಸೃಷ್ಟಿಯಲ್ಲ, ದೇವರೇ. ತಾಬೋರ್ ಬೆಟ್ಟದಲ್ಲಿ ಯೇಸುವಿನ ರೂಪಾಂತರದ ವೇಳೆ ಮೂವರು ಶಿಷ್ಯರು ಕಂಡ ಬೆಳಕು ಅಂಥದ್ದು. 45 ನಿಮಿಷದಲ್ಲಿ ಇದನ್ನು ಎತ್ತಬೇಡಿ. ಯಾರಾದರೂ ಕೇಳಿದರೆ ಉತ್ತರ ಕೈಯಲ್ಲಿರಲಿ ಅಂತ ಬರೆದೆ.

ಬೆಳಗಿನ_ಓದು

ತುಂಬಾ ಉಪಕಾರವಾಯಿತು. ನಾಲ್ಕು ಕಾರಣಗಳನ್ನು ಬೋರ್ಡಿನ ಮೇಲೆ ಬೇರೆ ಬೇರೆ ಬರೆಯುತ್ತೇನೆ. ಮೂರನೆಯ ಪ್ರಶ್ನೆ ಉಳಿಯಿತು. "ಕಾಣಿಸಿಕೊಂಡರೆ ನಮ್ಮ ಸ್ವಾತಂತ್ರ್ಯ ಹೋಗುತ್ತದೆ, ಬಲವಂತದ ನಂಬಿಕೆ ಆಗುತ್ತದೆ, ಅದಕ್ಕೇ ಅಡಗಿದ್ದಾನೆ" ಅನ್ನುವ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ನಿಲ್ಲುತ್ತದೆಯೇ?

ಮರಳುದಾರಿ_40

ನನ್ನ ಅಭಿಪ್ರಾಯದಲ್ಲಿ ನಿಲ್ಲುವುದಿಲ್ಲ, ಮತ್ತು ಅದನ್ನು ಬೀಳಿಸುವುದು ಬೈಬಲೇ. ವಿಮೋಚನಕಾಂಡ 24:9ರಲ್ಲಿ ಬೆಟ್ಟ ಹತ್ತಿ ದೇವರನ್ನು ಕಂಡವರ ಹೆಸರುಗಳನ್ನು ಜೋರಾಗಿ ಓದಿಸಿ: ಮೋಶೆ, ಆರೋನ, ನಾದಾಬ, ಅಬೀಹೂ, ಜೊತೆಗೆ 70 ಮಂದಿ ಹಿರಿಯರು. ಕಂಡರು, ಕೂತು ಉಂಡರು, ಕುಡಿದರು. ಮೋಶೆ ಬೆಟ್ಟದ ಮೇಲೆ ಉಳಿದದ್ದು 40 ದಿನ. 32ನೇ ಅಧ್ಯಾಯ ತೆರೆದರೆ ಜನರ ಕಿವಿಯ ಚಿನ್ನ ಕೇಳಿ ಇಸಿದುಕೊಂಡು ಹೋರಿಕರು ಮಾಡಿದವನು ಅದೇ ಆರೋನ. ಯಾಜಕಕಾಂಡ 10ರಲ್ಲಿ ಅಪ್ಪಣೆಯಿಲ್ಲದ ಬೆಂಕಿ ತಂದು ಸತ್ತವರು ಅದೇ ನಾದಾಬ ಮತ್ತು ಅಬೀಹೂ. ಅಂದರೆ "ಕಂಡರೆ ಎಲ್ಲರೂ ನಂಬುತ್ತಿದ್ದರು" ಅನ್ನುವುದೂ, "ಕಂಡರೆ ಸ್ವಾತಂತ್ರ್ಯ ಹೋಗುತ್ತಿತ್ತು" ಅನ್ನುವುದೂ ಒಟ್ಟಿಗೇ ಬಿದ್ದುಹೋಗುತ್ತವೆ. ಕಂಡವರು ಕಂಡ ಮೇಲೂ ಸ್ವತಂತ್ರರಾಗಿಯೇ ಇದ್ದರು, ಆ ಸ್ವಾತಂತ್ರ್ಯದಲ್ಲೇ ಬಿದ್ದರು. ಹೊಸ ಒಡಂಬಡಿಕೆಯಲ್ಲೂ ಹಾಗೆಯೇ. ಎದ್ದು ಬಂದ ಯೇಸುವನ್ನು ಗಲಿಲಾಯದ ಬೆಟ್ಟದಲ್ಲಿ ಕಂಡು ಆರಾಧಿಸಿದವರ ನಡುವೆಯೇ ಕೆಲವರು ಸಂದೇಹಪಟ್ಟರು, ಮತ್ತಾಯ 28:17.

ಆದರೆ ಇಷ್ಟಕ್ಕೆ ಪ್ರಶ್ನೆ ಮುಗಿಯಿತು ಅಂತ ಹೇಳಿ ಹುಡುಗರನ್ನು ಬಾಯಿ ಮುಚ್ಚಿಸಬೇಡಿ. ಇದರ ಗಟ್ಟಿ ರೂಪವನ್ನು ಕೆನಡಾದ ತತ್ತ್ವಶಾಸ್ತ್ರಿ ಜೆ. ಎಲ್. ಶೆಲೆನ್‌ಬರ್ಗ್ 1993ರಲ್ಲಿ ಮುಂದಿಟ್ಟರು. ವಾದದ ಮೆಟ್ಟಿಲು ಇವು: ದೇವರು ಪರಿಪೂರ್ಣ ಪ್ರೀತಿಯಾಗಿದ್ದರೆ, ಸಂಬಂಧ ಬೇಕೆನ್ನುವ ಯಾರಿಗೂ ಬಾಗಿಲು ಮುಚ್ಚಿರುವುದಿಲ್ಲ. ಸಂಬಂಧಕ್ಕೆ ಮೊದಲು ಆತನಿದ್ದಾನೆ ಅನ್ನುವ ನಂಬಿಕೆ ಬೇಕು. ಹಾಗಾದರೆ, ವಿರೋಧ ಇಟ್ಟುಕೊಳ್ಳದೆಯೂ ನಂಬಲಾಗದವರು ಒಬ್ಬರೂ ಇರಬಾರದು. ಅಂಥವರು ಇದ್ದಾರೆ. ಆದ್ದರಿಂದ ಅಂಥ ದೇವರಿಲ್ಲ. ನೋಡಿ, ಇಲ್ಲಿ ಕಣ್ಣಿಗೆ ಕಾಣುವ ವಿಷಯವೇ ಇಲ್ಲ. ಆರೋನನ ಉದಾಹರಣೆ ಇದನ್ನು ತಾಗುವುದಿಲ್ಲ, ತಾಗುತ್ತದೆ ಅಂತ ನಟಿಸಲೂ ಬಾರದು.

ಕ್ರೈಸ್ತರು ಕೊಡುವ ಉತ್ತರಗಳಲ್ಲಿ ಅತಿ ದುರ್ಬಲವಾದದ್ದು, ನಂಬದವರೆಲ್ಲ ಒಳಗೊಳಗೇ ಹಟಮಾರಿಗಳು ಅನ್ನುವುದು. ಪ್ರಾರ್ಥಿಸಿ ಪ್ರಾರ್ಥಿಸಿ ಏನೂ ಕೇಳಿಸದೆ ಸೋತ ಮನುಷ್ಯನಿಗೆ ಇದು ಗಾಯದ ಮೇಲೆ ಬರೆ. ನಿಮ್ಮ ಗುಂಪಿನಲ್ಲೇ ಅಂಥವರು ಕೂತಿರಬಹುದು. ಕೀರ್ತನೆ 88 ಮೊರೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, "ನಿನ್ನ ಮುಖವನ್ನು ಯಾಕೆ ಮರೆಮಾಡುತ್ತೀ" ಅಂತ ನೇರವಾಗಿ ಕೇಳುತ್ತದೆ, ಉತ್ತರ ಇಲ್ಲದೆಯೇ ಗ್ರಂಥದೊಳಗೆ ಉಳಿದಿದೆ. ಅದನ್ನು ಓದಲು ಎರಡು ನಿಮಿಷ ತೆಗೆದಿಡಿ.

ನನಗೆ ಗಟ್ಟಿ ಅನ್ನಿಸುವುದು ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರನ ದಾರಿ. 1518ರ ಹೈಡೆಲ್‌ಬರ್ಗ್ ವಾದಪತ್ರದ 20ನೇ ಸೂತ್ರದಲ್ಲಿ ಅವನು, ಮುಖ ಕಾಣದು ಹಿಂಬದಿ ಕಾಣುವೆ ಅಂತ ವಿಮೋಚನಕಾಂಡ 33:23ರಲ್ಲಿ ದೇವರು ಮೋಶೆಗೆ ಹೇಳಿದ ಆ "ಹಿಂಬದಿ"ಯನ್ನೇ ಎತ್ತಿಕೊಂಡು, ದೇವರ ಹಿಂಬದಿ ಕಾಣುವುದು ಶ್ರಮೆಯಲ್ಲಿ ಮತ್ತು ಶಿಲುಬೆಯಲ್ಲಿ ಅನ್ನುತ್ತಾನೆ. ದೇವರು ಕಾಣಿಸಿಕೊಂಡದ್ದುಂಟು, ಆದರೆ ನಾವು ದೇವರನ್ನು ಹುಡುಕುವ ಜಾಗದಲ್ಲಲ್ಲ. ಶಿಷ್ಯ ಫಿಲಿಪ್ಪನು ತಂದೆಯನ್ನು ತೋರಿಸು ಅಂದದ್ದು ಊಟದ ಹೊತ್ತಿನಲ್ಲಿ, ಯೇಸುವಿನ ಜೊತೆಗೇ ಇದ್ದು. ನನ್ನನ್ನು ಕಂಡವನು ತಂದೆಯನ್ನು ಕಂಡಿದ್ದಾನೆ ಅನ್ನುವುದು ಉತ್ತರ, ಯೋಹಾನ 14:9. ಅದನ್ನು ಹೇಳಿದವನು ಮರುದಿನ ಶಿಲುಬೆಗೆ ಏರಿದ.

ಅಂಚಿನ_ಟಿಪ್ಪಣಿ

ಹಿಂಬದಿಯ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ, ಹುಡುಗರಿಗೆ ಹಿಡಿಸುವಂಥದ್ದು. ನಿಸ್ಸಾದ ಗ್ರೆಗೊರಿ 4ನೇ ಶತಮಾನದಲ್ಲೇ ಹೇಳಿದ: ದಾರಿ ತೋರಿಸುವವನ ಬೆನ್ನು ಕಾಣುವುದು ಅವನ ಹಿಂದೆ ನಡೆಯುವವನಿಗೆ. ಮುಖ ಕಾಣುತ್ತಿದೆ ಅಂದರೆ ನೀನು ಎದುರು ದಿಕ್ಕಿಗೆ ಹೋಗುತ್ತಿದ್ದೀ.

ಯೋಹಾನ 1:18ರ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಹಳೆಯ ಕನ್ನಡದಲ್ಲಿ "ಒಬ್ಬನೇ ಮಗನು" ಅಂತ ಇದೆ. ಪಪೈರಸ್ 66, 75ರಂಥ ಹಳೆಯ ಪ್ರತಿಗಳಲ್ಲಿ "ಮಗ" ಇರುವ ಕಡೆ "ದೇವರು" ಅಂತಿದೆ, ಹೊಸ ಅನುವಾದಗಳು ಹಲವು ಅದನ್ನು ಹಿಡಿದಿವೆ. ಇಬ್ಬರ ಕೈಯಲ್ಲಿ ಎರಡು ಬೈಬಲ್ ಇದ್ದರೆ ಗೊಂದಲ ಏಳುತ್ತದೆ, ಮೊದಲೇ ಹೇಳಿಬಿಡಿ. ಪಾಠದ ವಿಷಯಕ್ಕೆ ಎರಡರಲ್ಲೂ ವ್ಯತ್ಯಾಸವಾಗುವುದಿಲ್ಲ.

ಸಮಯದ ಹಂಚಿಕೆ: ವಿಮೋಚನಕಾಂಡ 33:7ರಿಂದ 34:8ರವರೆಗೆ ಓದಿ ಮಾತಾಡಲು 15 ನಿಮಿಷ, ಧೂಪದ ವಿಧಿಗೆ 5, ಯೋಹಾನ 1:14-18ಕ್ಕೆ 10, ಆರೋನನ ಪ್ರಶ್ನೆ ಮತ್ತು ಕೀರ್ತನೆಗೆ 10. ಕೊನೆಯ 5 ನಿಮಿಷ 1 ಕೊರಿಂಥ 13:12. ಅಲ್ಲಿ ಹಳೆಯ ಕನ್ನಡದವರು "ಕಂಚಿನ ದರ್ಪಣ" ಅಂತ ಬರೆದದ್ದು ಒಳ್ಳೆಯದಾಯಿತು, ಪೌಲನ ಕಾಲದ ಕನ್ನಡಿ ಉಜ್ಜಿದ ಲೋಹದ್ದೇ. ಗಾಜಿನ ಕನ್ನಡಿ ತೋರಿಸಿದರೆ ವಚನ ಅರ್ಥವಾಗುವುದಿಲ್ಲ. ಮನೆಯ ಹಿತ್ತಾಳೆ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿ ತೆಗೆದುಕೊಂಡು ಹೋಗಿ. ಅಂಚಿನಲ್ಲಿ ಕೆತ್ತನೆ ಇದ್ದರೂ ತೊಂದರೆ ಇಲ್ಲ, ನಡುಭಾಗ ಸಪಾಟಾಗಿರಲಿ. ಒಬ್ಬೊಬ್ಬರ ಕೈಗೂ ಕೊಟ್ಟು ಮುಖ ನೋಡಿಕೊಳ್ಳಲು ಹೇಳಿ. ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ, ಹಳದಿಯಾಗಿ, ಅಲುಗಿದ ಹಾಗೆ, ಕಣ್ಣುರೆಪ್ಪೆ ಕಾಣುವುದಿಲ್ಲ. ತಟ್ಟೆ ಕೈಯಲ್ಲಿರುವಾಗಲೇ ಪಕ್ಕದವರ ಮುಖ ನೋಡಿ ಅನ್ನಿ, ಆಮೇಲೆ ವಚನ ಓದಿ.